ಮೊಣಕೈ ಮೇಲಿನ ಕಟ್ಟು

ಗಂಗಾಲಕ್ಷ್ಮಿಯ ಬಲಗೈಗೆ ಕಟ್ಟು ಹಾಕಿದವನು ನಾನು. ಇದನ್ನು ಮೊದಲ ಸಾಲಿನಲ್ಲೇ ಬರೆದಿಡುವುದು ಒಳ್ಳೆಯದು. ಮುಂದೆ ಇನ್ನೂ ಕೆಲವರ ಹೆಸರು ಬರುತ್ತದೆ. ಓದುವವರು ಭಾರವನ್ನೆಲ್ಲ ಅವರ ಹೆಗಲಿಗೆ ಹಾಕಿ ನನ್ನನ್ನು ಬಿಟ್ಟುಬಿಡುವ ಸಂಭವವುಂಟು.

ಅವಳು ನಮ್ಮ ಪಕ್ಕದ ಮನೆಯವಳು. ನಮ್ಮೂರಿಂದ ಮಾಸ್ತಿಗೆ ಮೂರು ಕಿಲೋಮೀಟರು. ಅಲ್ಲಿಯ ಹೈಸ್ಕೂಲಿನಲ್ಲಿ ನಾನು ಮೂವತ್ತೊಂದು ವರ್ಷ ಗಣಿತ ಕಲಿಸಿದೆ. ಅವಳು ಅದರಲ್ಲಿ ಮೂರು ವರ್ಷ ನನ್ನ ತರಗತಿಯಲ್ಲಿ ಕುಳಿತವಳು. ಗಂಡ ಕದಿರೇಶ ವೇಮಗಲ್ಲಿನ ಕಾರ್ಖಾನೆಯಲ್ಲಿ ಪಾಳಿಯ ಕೆಲಸಗಾರ. ವಾರಕ್ಕೊಮ್ಮೆ ಊರಿಗೆ ಬರುತ್ತಾನೆ. ಮನೆಯ ನಾಲ್ಕು ಸೀಮೆಹಸುಗಳನ್ನು ಅವಳೊಬ್ಬಳೇ ನೋಡಿಕೊಳ್ಳುತ್ತಿದ್ದಳು, ಎರಡು ಹೊತ್ತೂ ಕೈಯಲ್ಲೇ ಹಾಲು ಕರೆಯುತ್ತಿದ್ದಳು. ಯಂತ್ರ ತರೋಣವೆಂದು ಗಂಡ ಹೇಳಿದಾಗಲೆಲ್ಲ, "ಹಸು ನನ್ ಕೈ ಗುರ್ತು ಹಿಡೀತದೆ, ಮಿಷಿನ್ನ ಹಿಡೀತದಾ?" ಎನ್ನುತ್ತಿದ್ದಳು. ಒದೆಯುವ ಚಾಳಿಯಿದ್ದ ಕೆಂದ ಹಸುವೂ ಅವಳು ಕೆಚ್ಚಲಿಗೆ ಕೈಯಿಟ್ಟರೆ ಸುಮ್ಮನೆ ನಿಲ್ಲುತ್ತಿತ್ತು.

ಹೋದ ಕಾರ್ತಿಕದಲ್ಲಿ, ಸಂಜೆ ನಾಲ್ಕೂಕಾಲರ ಹೊತ್ತಿಗೆ, ಹೊಲದಿಂದ ರಾಗಿಯ ಕಂತೆಗಳನ್ನು ಮೆದೆಗೆ ಹೊರುತ್ತಿದ್ದವಳು ನೇರವಾಗಿ ನಮ್ಮ ಜಗಲಿಗೆ ಬಂದಳು. ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದಳು.

"ಮೇಷ್ಟ್ರೇ, ಹಾವು," ಎಂದಳು. ಕೂಗಲಿಲ್ಲ.

ತೋರುಬೆರಳಿನ ಬುಡದಲ್ಲಿ ಎರಡು ಚುಕ್ಕೆಗಳಿದ್ದವು. ರಕ್ತ ನಿಲ್ಲದೆ ಒಸರುತ್ತಿತ್ತು.

"ಯಾವ ಹಾವು, ನೋಡಿದೆಯಾ?"

"ರಕ್ತಪಿಂಜರಿ. ಕಂತೆ ಕೆಳಗಿತ್ತು. ಕುಕ್ಕರ್ ಕೂಗ್ದಂಗೆ ಬುಸುಗುಡ್ತಿತ್ತು, ನಾನು ಗಾಳಿ ಅಂದ್ಕೊಂಡೆ."

ಕನ್ನಡದ ಪುಸ್ತಕಗಳಲ್ಲಿ ಇದರ ಹೆಸರು ಕೊಳಕುಮಂಡಲ. ನಮ್ಮ ಕಡೆ ತೆಲುಗಿನ ಹೆಸರೇ ಬಳಕೆ.

ಅವಳ ಹಿಂದೆಯೇ ಅತ್ತೆ ವೆಂಕಟರತ್ನಮ್ಮ ಫೋನು ಹಿಡಿದುಕೊಂಡು ಬಂದರು. ಶ್ರೀನಿವಾಸಪುರದ ಕಡೆಯ ಒಂದು ಹಳ್ಳಿಯಲ್ಲಿ ಮಂತ್ರ ಹಾಕುವವನೊಬ್ಬನಿದ್ದಾನೆ. ಅವನ ನಂಬರು ಅವರ ಬಳಿಯಿತ್ತು.

"ಅಲ್ಲಿಗಂಟ ಹೋಗೋದೇ ಬೇಡ ಮೇಷ್ಟ್ರೇ. ಫೋನಲ್ಲೇ ಇಳಿಸ್ತಾನೆ. ಇವಳ ಕಿವಿಗೆ ಹಿಡಿದ್ರೆ ಸಾಕು."

"ನೆಟ್‌ವರ್ಕ್ ಹೋದ್ರೆ ವಿಷ ಅರ್ಧದಲ್ಲೇ ನಿಲ್ತದಾ ಅತ್ತೆ?" ಎಂದಳು ಗಂಗಾಲಕ್ಷ್ಮಿ.

"ಸುಮ್ಮನಿರಿ ವೆಂಕಟರತ್ನಮ್ಮ, ಇದು ಶಾಸ್ತ್ರ ತಿಳಿದು ಮಾಡುವ ಕೆಲಸ," ಎಂದು ನಾನು ಆ ಹೆಂಗಸನ್ನು ಹಿಂದಕ್ಕೆ ಕಳಿಸಿದೆ.

ಶಾಸ್ತ್ರವೆಂದರೆ ನಾನು ಶಿಕ್ಷಕರ ತರಬೇತಿಯಲ್ಲಿ ಕಲಿತ ಪ್ರಥಮ ಚಿಕಿತ್ಸೆಯ ಪಾಠ. ಹಾವು ಕಚ್ಚಿದ ಜಾಗದ ಮೇಲ್ಗಡೆ ಬಿಗಿಯಾಗಿ ಕಟ್ಟಬೇಕು, ಗಾಯವನ್ನು ಕೊಯ್ದು ರಕ್ತ ಹೀರಿ ಉಗುಳಬೇಕು, ಅರ್ಧ ಗಂಟೆಗೊಮ್ಮೆ ಕಟ್ಟನ್ನು ಅರ್ಧ ನಿಮಿಷ ಸಡಿಲಿಸಬೇಕು. ಇದನ್ನು ವರ್ಷಕ್ಕೊಂದು ಶನಿವಾರ ಹತ್ತನೆಯ ತರಗತಿಗೆ ಹೇಳಿಕೊಡುತ್ತಿದ್ದೆ. ಕೊಯ್ಯುವುದು, ಹೀರುವುದು ತಪ್ಪೆಂದು ಬಹಳ ಹಿಂದೆ ಪತ್ರಿಕೆಯಲ್ಲಿ ಓದಿದ್ದೆ. ಅಂದಿನಿಂದ ಆ ಭಾಗವನ್ನು ಬಿಟ್ಟೆ. ಕಟ್ಟಿನ ಬಗ್ಗೆ ಯಾವ ತಿದ್ದುಪಡಿಯೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಟವೆಲನ್ನು ಉದ್ದಕ್ಕೆ ಹರಿದು ಎರಡು ಪಟ್ಟಿ ಮಾಡಿದೆ. ಒಂದನ್ನು ಮಣಿಕಟ್ಟಿಗೆ, ಇನ್ನೊಂದನ್ನು ಮೊಣಕೈ ಮೇಲೆ ಕಟ್ಟಿ, ಮೇಲಿನ ಕಟ್ಟಿನೊಳಗೆ ಕಡ್ಡಿ ತೂರಿಸಿ ತಿರುಚಿದೆ. ಅವಳು ಹಲ್ಲು ಕಚ್ಚಿಕೊಂಡು ನಿಂತಳು.

"ತಡೆದುಕೊ. ನೋವಾದರೆ ಕಟ್ಟು ಸರಿಯಾಗಿದೆ ಎಂದರ್ಥ," ಎಂದೆ.

ನನ್ನ ಹೆಂಡತಿ ಶಾಮಲಮ್ಮ ಡೇರಿಗೆ ಓಡಿ ಎಲ್ಲಪ್ಪನನ್ನು ಕರೆತಂದಳು. ಎಲ್ಲಪ್ಪ ನಮ್ಮೂರ ಹಾಲಿನ ಸಂಘದ ಕಾರ್ಯದರ್ಶಿ, ಅವನೂ ನನ್ನ ಶಿಷ್ಯ. ನೂರೆಂಟಕ್ಕೆ ಫೋನು ಮಾಡಿದರೆ ಆಂಬುಲೆನ್ಸು ಬರಲು ಮುಕ್ಕಾಲು ಗಂಟೆಯಾಗುತ್ತದೆಂದರು. ಅವನ ವ್ಯಾನಿನಲ್ಲೇ ಹೊರಟೆವು. ಹಿಂದಿನ ಸೀಟಿನಲ್ಲಿ ಅವಳನ್ನು ಕೂರಿಸಿ ಪಕ್ಕದಲ್ಲಿ ನಾನು ಕುಳಿತೆ. ನಿದ್ದೆ ಹೋಗಬಾರದೆಂದು ಹದಿನೇಳರ ಮಗ್ಗಿ ಕೇಳಿದೆ.

"ಸಾಯೋವಾಗ್ಲೂ ಮಗ್ಗೀನಾ ಮೇಷ್ಟ್ರೇ?"

"ಸಾಯುವುದಿಲ್ಲ. ಹೇಳು."

ಹದಿನೇಳೇಳು ನೂರ ಹತ್ತೊಂಬತ್ತರವರೆಗೆ ಹೇಳಿದಳು. ಆಮೇಲೆ, "ಈ ಕೈ ನಂದಲ್ಲ ಅನ್ನಿಸ್ತದೆ," ಎಂದಳು. ಬೆರಳುಗಳು ಊದಿ, ಉಗುರಿನ ಕೆಳಗೆ ನೇರಳೆ ಬಣ್ಣ ಬಂದಿತ್ತು.

ಎಲ್ಲಪ್ಪ ಕನ್ನಡಿಯಲ್ಲಿ ನೋಡಿದ. "ಮೇಷ್ಟ್ರೇ, ಕಟ್ಟು ಒಂದೀಟು ಬಿಗಿ ಆಯ್ತೇನೋ."

"ರಸ್ತೆ ನೋಡು ಎಲ್ಲಪ್ಪ."

ಅವನು ರಸ್ತೆ ನೋಡಿದ.

ಮಾಲೂರಿನಲ್ಲಿ ಅವನಿಗೆ ಪರಿಚಯವಿದ್ದ ಒಂದು ನರ್ಸಿಂಗ್ ಹೋಮಿನ ಮುಂದೆ ನಿಲ್ಲಿಸಿದೆವು. ಕರ್ತವ್ಯದಲ್ಲಿದ್ದ ಹುಡುಗ ಡಾಕ್ಟರು ವ್ಯಾನಿನ ಬಾಗಿಲಲ್ಲೇ ಬಗ್ಗಿ ನೋಡಿ, ವಿಷದ ಔಷಧಿ ತಮ್ಮಲ್ಲಿ ದಾಸ್ತಾನಿಲ್ಲ, ಕೋಲಾರಕ್ಕೆ ಹೋಗಿ, ಮೊದಲು ಈ ಕಟ್ಟು ಬಿಚ್ಚಿ ಎಂದ. ಅವನ ಹಿಂದೆ ನಿಂತಿದ್ದ ವಯಸ್ಸಾದ ನರ್ಸು, "ದಾರೀಲಿ ಬಿಚ್ಚಿದ್ರೆ ವಿಷ ಒಂದೇ ಸಲ ಏರ್ತದೆ ಸಾರ್, ಔಷಧಿ ಹತ್ತೋಗಂಟ ಬಿಚ್ಚಬಾರ್ದು," ಎಂದಳು. ಅವರಿಬ್ಬರೂ ಅಲ್ಲೇ ವಾದಕ್ಕೆ ನಿಂತರು. ನಾನು ನರ್ಸಿನ ಮಾತನ್ನು ಆರಿಸಿಕೊಂಡೆ. ಅವಳು ಹೆಚ್ಚು ತಿಳಿದವಳೆಂದಲ್ಲ. ಅವಳ ಮಾತು ನನ್ನ ಮಾತಿಗೆ ಹತ್ತಿರವಿತ್ತು. ಅಷ್ಟೇ ಅಲ್ಲ, ಅರ್ಧ ಗಂಟೆಗೊಮ್ಮೆ ಸಡಿಲಿಸಬೇಕೆಂದು ಇದ್ದ ನನ್ನ ಪಾಠದ ಸಾಲನ್ನೂ ಆಮೇಲೆ ಕೈಬಿಟ್ಟೆ.

ಕೋಲಾರದ ದೊಡ್ಡಾಸ್ಪತ್ರೆ ಮುಟ್ಟಿದಾಗ ಆರೂ ಇಪ್ಪತ್ತು. ಡಾಕ್ಟರ್ ಅರ್ಪಿತ ಎಂಬ ಹೆಣ್ಣುಮಗಳು ನೋಡಿದರು. ಔಷಧಿಯ ಹನಿ ಹತ್ತಿಸಿ, ಅದು ಸ್ವಲ್ಪ ಇಳಿದ ಮೇಲೆ, ಮೇಲಿನ ಕಟ್ಟನ್ನು ತಾವೇ ನಿಂತು ನಿಧಾನವಾಗಿ ಸಡಿಲಿಸಿದರು. ಟವೆಲು ಮಾಂಸದೊಳಗೆ ಇಳಿದಿತ್ತು. ಎರಡೂವರೆ ಗಂಟೆ ಅದು ಅಲ್ಲಿತ್ತು.

"ಯಾರು ಕಟ್ಟಿದ್ದು?" ಎಂದು ಕೇಳಿದರು.

"ನಾನು."

ಅವರು ನನ್ನ ಬಿಳಿ ತಲೆಯನ್ನು ನೋಡಿದರು. ಕೇಸಿನ ಹಾಳೆಯಲ್ಲಿ ಬರೆದುಕೊಂಡರು.

ಮಾರನೆಯ ದಿನ ಬೆಳಿಗ್ಗೆ, ಪ್ರಾಣಕ್ಕೆ ಅಪಾಯವಿಲ್ಲ, ಮೂತ್ರಪಿಂಡವೂ ಕೆಲಸ ಮಾಡುತ್ತಿದೆ ಎಂದರು. ಕದಿರೇಶ ಪಾಳಿ ಮುಗಿಸಿ ಬಂದು ಹೆಂಡತಿಯ ಕಾಲ ಬಳಿ ಕುಳಿತಿದ್ದ. ಡಾಕ್ಟರು ನನ್ನೊಬ್ಬನನ್ನೇ ವರಾಂಡಕ್ಕೆ ಕರೆದರು.

"ಎರಡು ಬೆರಳು ಉಳಿಯೋದು ಕಷ್ಟ. ಮೂರನೇದೂ ಅನುಮಾನ. ಈಗಲೇ ಆಕೆಗೆ ಹೇಳಬೇಡಿ, ಎರಡು ದಿನ ನೋಡೋಣ."

"ವಿಷದಿಂದಲೇ?"

"ವಿಷದಿಂದಲೂ. ಈ ಜಾತಿ ಹಾವಿನ ವಿಷ ಮಾಂಸ ಕೊಳೆಸುತ್ತೆ. ಕಟ್ಟಿ ಹಾಕಿದರೆ ಅಷ್ಟೂ ಅಲ್ಲೇ ನಿಂತು ಇನ್ನೂ ಕೆಡಿಸುತ್ತೆ, ರಕ್ತವೂ ಹೋಗೋದಿಲ್ಲ. ಕಟ್ಟು ಎಷ್ಟು ಮಾಡ್ತು, ವಿಷ ಎಷ್ಟು ಮಾಡ್ತು ಅಂತ ಪಾಲು ಹಾಕಿ ಹೇಳೋಕೆ ನನಗೆ ಬರೋದಿಲ್ಲ."

ಮಾಲೂರಿನ ಡಾಕ್ಟರು ಬಿಚ್ಚಿ ಎಂದ, ಅಲ್ಲಿನ ನರ್ಸು ಔಷಧಿ ಹತ್ತುವ ತನಕ ಬೇಡವೆಂದಳು, ನೀವು ಇನ್ನೊಂದು ಹೇಳುತ್ತೀರಿ, ನಿಮ್ಮ ವೈದ್ಯಶಾಸ್ತ್ರಕ್ಕೆ ಒಂದು ಉತ್ತರವಿಲ್ಲವೇ ಎಂದು ಕೇಳಿದೆ. ನನ್ನ ದನಿ ಒರಟಾಗಿತ್ತು. ಅವರು ಕೋಪಿಸಿಕೊಳ್ಳಲಿಲ್ಲ.

"ಕಟ್ಟಿ ಆದಮೇಲೆ ಯಾವಾಗ ಬಿಚ್ಚಬೇಕು ಅನ್ನೋದರಲ್ಲಿ ಎರಡು ಮಾತಿದೆ. ಔಷಧಿ ಹತ್ತಿಸಿ ಬಿಚ್ಚೋದು ಸುರಕ್ಷಿತ. ಆ ನರ್ಸ್ ಹೇಳಿದ್ದು ತಪ್ಪಲ್ಲ. ಕೆಲವು ದೇಶಗಳಲ್ಲಿ, ಅಲ್ಲಿನ ಹಾವುಗಳಿಗೆ, ಇಡೀ ಕೈಗೆ ಅಗಲ ಬ್ಯಾಂಡೇಜ್ ಸುತ್ತುತ್ತಾರೆ. ಇಲ್ಲಿನ ಮಂಡಲಕ್ಕೆ ಅದನ್ನ ನಾವು ಹೇಳೋದಿಲ್ಲ. ಅದೆಲ್ಲ ಚರ್ಚೆ. ಆದರೆ ಹಗ್ಗ, ಬಟ್ಟೆ ಹಾಕಿ ಬಿಗಿದು ಕಟ್ಟಬಾರದು ಅನ್ನೋದರಲ್ಲಿ ಚರ್ಚೆ ಇಲ್ಲ. ಕೈ ಅಲ್ಲಾಡದ ಹಾಗೆ ಒಂದು ದಬ್ಬೆ ಇಟ್ಟು, ಧೈರ್ಯ ಹೇಳಿ, ಕರ್ಕೊಂಡು ಬರಬೇಕು. ಅಷ್ಟೇ." ಆಮೇಲೆ ಕೇಳಿದರು. "ಹೋದ ವರ್ಷ ಹೆಲ್ತ್ ಇನ್ಸ್‌ಪೆಕ್ಟರ್‌ಗಳಿಗೆಲ್ಲ ನಾನೇ ಎರಡು ದಿನ ತರಬೇತಿ ಕೊಟ್ಟೆ. ಪ್ರತಿ ಊರಿನ ಡೇರೀಲೂ ಸಭೆ ಮಾಡಿ ಅಂದಿದ್ದೆ. ನಿಮ್ಮೂರಿಗೆ ಯಾರೂ ಬರಲಿಲ್ವಾ?"

ಬಂದಿದ್ದರು. ವೇಣು ಬಂದಿದ್ದ.

ವೇಣು ಆಗ ನಮ್ಮ ಹೋಬಳಿಯ ಹೆಲ್ತ್ ಇನ್ಸ್‌ಪೆಕ್ಟರು. ಗಣಿತದಲ್ಲಿ ನನಗೆ ಸಿಕ್ಕ ಒಳ್ಳೆಯ ವಿದ್ಯಾರ್ಥಿಗಳಲ್ಲಿ ಒಬ್ಬ. ಹಿಂದಿನ ವರ್ಷದ ಶ್ರಾವಣದಲ್ಲಿ ಡೇರಿಯ ಕೋಣೆಯಲ್ಲಿ ಸಭೆ. ನಾನು ಒಳಗೆ ಬಂದೊಡನೆ ಅವನು ಕಾಲು ಮುಟ್ಟಿ, ತನಗೆ ಹಾಕಿದ್ದ ಕುರ್ಚಿಯಲ್ಲಿ ನನ್ನನ್ನು ಕೂರಿಸಿದ. ಹಿರಿಯರಿರುವಾಗ ಅವರಿಂದ ಎರಡು ಮಾತು ಆಡಿಸಿಯೇ ಸಭೆ ಶುರು ಮಾಡುವುದು ನಮ್ಮಲ್ಲಿ ಪದ್ಧತಿ, ಎಲ್ಲಪ್ಪ ಕೇಳಿಕೊಂಡ. ವಿಷಯ ಹಾವಿನ ಕಡಿತವೆಂದು ಗೊತ್ತಾದಾಗ ನನಗೆ ಸಂತೋಷವಾಯಿತು. ಇಪ್ಪತ್ತು ನಿಮಿಷ ಮಾತಾಡಿದೆ. ಎಲ್ಲಪ್ಪನ ತೋಳಿಗೆ ಟವೆಲು ಕಟ್ಟಿ, ಕಡ್ಡಿ ತಿರುಚಿ ತೋರಿಸಿದೆ. ಹೆಂಗಸರಲ್ಲಿ ಮುಂದಿನ ಸಾಲಿನಲ್ಲಿ ಗಂಗಾಲಕ್ಷ್ಮಿ ಇದ್ದಳು. ವೇಣು ಕೈಕಟ್ಟಿ ನಿಂತು ಕೇಳಿದ. ಆಮೇಲೆ, "ಮೇಷ್ಟ್ರು ಎಲ್ಲಾ ಹೇಳವ್ರೆ, ನಾನ್ ಹೇಳೋದೇನೂ ಉಳಿದಿಲ್ಲ. ಕಚ್ಚಿದ ತಕ್ಷಣ ಆಸ್ಪತ್ರೆಗೆ ಬನ್ನಿ," ಎಂದು ಎಲ್ಲರ ಸಹಿ ಹಾಕಿಸಿಕೊಂಡು, ಫೋಟೋ ತೆಗೆಸಿಕೊಂಡು ಹೋದ.

"ಯಾರೂ ಬಂದ ನೆನಪಿಲ್ಲ," ಎಂದು ಡಾಕ್ಟರಿಗೆ ಹೇಳಿದೆ. ಶಿಷ್ಯನನ್ನು ಕೇಳದೆ ಅವನ ಮೇಲೆ ದೂರು ಹೇಳುವುದು ಸರಿಯಲ್ಲವೆನಿಸಿತು. ಆ ಮಾತು ಸುಳ್ಳು. ಅದನ್ನೂ ಇಲ್ಲಿ ಬರೆಯಬೇಕು.

ಎಂಟನೆಯ ದಿನ ತೋರುಬೆರಳು, ನಡುಬೆರಳು ತೆಗೆದರು. ಉಂಗುರಬೆರಳು ಉಳಿಯಿತು, ಮಡಚಲು ಬರುವುದಿಲ್ಲ. ಅದರ ಮರುದಿನ ನಾನು ಮುಳಬಾಗಿಲಿಗೆ ಹೊರಟೆ. ವೇಣುವಿಗೆ ಆ ಕಡೆಯ ಒಂದು ಆರೋಗ್ಯ ಕೇಂದ್ರಕ್ಕೆ ವರ್ಗವಾಗಿತ್ತು. ಮಾಲೂರು, ಕೋಲಾರ, ಮುಳಬಾಗಿಲು ಎಂದು ಬಸ್ಸು ಬದಲಿಸಿ ಮುಟ್ಟುವಾಗ ಹನ್ನೆರಡು ಗಂಟೆ. ಅವನು ಲಸಿಕೆಯ ಡಬ್ಬಿಗಳನ್ನು ಎಣಿಸುತ್ತಿದ್ದವನು ಎದ್ದು ಕಾಲಿಗೆ ಬಗ್ಗಿದ. ನಾನು ಕಾಲನ್ನು ಹಿಂದಕ್ಕೆ ತೆಗೆದುಕೊಂಡೆ.

"ಗಂಗಾಲಕ್ಷ್ಮಿಯ ವಿಷಯ ತಿಳಿಯಿತೇ?"

"ತಿಳೀತು ಸಾರ್. ಎಲ್ಲಪ್ಪ ಫೋನ್ ಮಾಡಿದ್ದ."

"ಕಟ್ಟಬಾರದೆಂದು ನಿನಗೆ ಗೊತ್ತಿತ್ತು."

"ಗೊತ್ತಿತ್ತು ಸಾರ್."

"ನನ್ನ ಎದುರಿಗೆ, ನಲವತ್ತು ಜನರ ಮುಂದೆ, ಹೇಳೋದೇನೂ ಉಳಿದಿಲ್ಲ ಎಂದೆ."

ಅವನು ಕುರ್ಚಿ ಎಳೆದು ಹಾಕಿದ. ನಾನು ಕೂರಲಿಲ್ಲ.

"ಹ್ಯಾಗ್ ಹೇಳ್ಲಿ ಸಾರ್? ನೀವು ಕಟ್ಟಿ ತೋರ್ಸಿದೀರಿ. ಜನ ಚಪ್ಪಾಳೆ ಹೊಡೀತಾವ್ರೆ. ನಾನ್ ಎದ್ದು, ಇದು ತಪ್ಪು, ಮೇಷ್ಟ್ರಿಗೆ ಗೊತ್ತಿಲ್ಲ ಅಂತ ಅನ್ಲಾ?"

"ಅನ್ನಬೇಕಿತ್ತು. ನಾನೇನು ನಿನ್ನನ್ನು ಹೊಡೆಯುತ್ತಿದ್ದೆನೇ?"

"ಹೊಡೆದಿದ್ರಲ್ಲ ಸಾರ್."

ನಗುತ್ತಿದ್ದಾನೇನೋ ಎಂದು ನೋಡಿದೆ. ಅವನು ನಗುತ್ತಿರಲಿಲ್ಲ.

"ಒಂಬತ್ತನೇ ಕ್ಲಾಸು. ತೊಟ್ಟಿ ಲೆಕ್ಕ. ಒಂದು ನಲ್ಲಿ ಮೂರು ಗಂಟೇಲಿ ತುಂಬ್ತದೆ, ಇನ್ನೊಂದು ಐದು ಗಂಟೇಲಿ ಖಾಲಿ ಮಾಡ್ತದೆ. ನೀವು ಎರಡನ್ನೂ ಕೂಡಿಸಿಬಿಟ್ರಿ. ಒಂದು ಗಂಟೆ ಐವತ್ತೆರಡೂವರೆ ನಿಮಿಷ ಅಂತ ಬರೆದ್ರಿ. ನಾನು ಎದ್ದು, ಏಳೂವರೆ ಗಂಟೆ ಆಗ್ಬೇಕು ಸಾರ್ ಅಂದೆ. ಒಂದೇಟು ಹಾಕಿ ಹೊರಗೆ ನಿಲ್ಲಿಸಿದ್ರಿ."

ನನಗೆ ನೆನಪಿರಲಿಲ್ಲ. ಲೆಕ್ಕವನ್ನು ಮನಸ್ಸಿನಲ್ಲೇ ಮಾಡಿದೆ. ಏಳೂವರೆಯೇ ಸರಿ.

"ಮಾರನೇ ದಿನ ನೀವೇ ಬೋರ್ಡ್ ಮೇಲೆ ಸರಿಯಾಗಿ ಬರೆದ್ರಿ. ತಪ್ಪಾಯ್ತು ಅನ್ನಲಿಲ್ಲ, ನನ್ ಕಡೆ ನೋಡಲೂ ಇಲ್ಲ. ಸುಮ್ನೆ ಒರೆಸಿ ಮತ್ತೆ ಬರೆದ್ರಿ. ನಾವೂ ಸುಮ್ನೆ ಮತ್ತೆ ಬರ್ಕೊಂಡ್ವಿ." ಅವನು ಡಬ್ಬಿಯ ಮುಚ್ಚಳ ಹಾಕಿದ. "ನಾನೂ ಅಂಗೇ ಮಾಡೋಣ ಅಂದ್ಕೊಂಡೆ ಸಾರ್. ಇಲಾಖೆ ಕೊಟ್ಟಿದ್ದ ಹಾಳೆ ಇತ್ತು, ಚಿತ್ರ ಸಮೇತ. ನೀವು ಹೋದ್ಮೇಲೆ ಎಲ್ಲಪ್ಪನ ಕೈಗೆ ಕೊಟ್ಟೆ. ನಾಲ್ಕು ದಿನ ಬಿಟ್ಟು ಗೋಡೆಗೆ ಅಂಟ್ಸು, ಜನ ನೋಡ್ಕೊಂತಾರೆ ಅಂತ."

"ಅದು ಗೋಡೆಯ ಮೇಲಿಲ್ಲ."

"ಅದು ನಂಗೊತ್ತಿರ್ಲಿಲ್ಲ ಸಾರ್."

ಊಟಕ್ಕೆ ಕರೆದ. ಒಲ್ಲೆನೆಂದೆ. ಬಸ್‌ಸ್ಟ್ಯಾಂಡಿನವರೆಗೆ ಹಿಂದೆಯೇ ಬಂದು, ಬಸ್ಸು ಹೊರಡುವ ತನಕ ಕಿಟಕಿಯ ಕೆಳಗೆ ನಿಂತಿದ್ದ. ಅವನ ಅಪರಾಧವನ್ನು ಅಳೆಯಲು ಹೋಗಿದ್ದವನು ನಾನು. ಹೊಡೆತವೊಂದನ್ನು ಮೂವತ್ತು ವರ್ಷ ಜೋಪಾನವಾಗಿ ಇಟ್ಟುಕೊಂಡವನು, ಹೇಳಲೇಬೇಕಾದ ದಿನ ಅದನ್ನು ನೆವ ಮಾಡಿಕೊಂಡ. ಅವನನ್ನು ನಾನು ಕ್ಷಮಿಸಲಿಲ್ಲ. ಆ ಹೊಡೆತ ನನ್ನದೆಂಬುದನ್ನು ಅಲ್ಲಗಳೆಯಲೂ ಆಗಲಿಲ್ಲ.

ಊರಿಗೆ ಬಂದವನು ಮನೆಗೆ ಹೋಗದೆ ಡೇರಿಗೆ ಹೋದೆ. ಎಲ್ಲಪ್ಪ ಕ್ಯಾನುಗಳನ್ನು ತೊಳೆಸುತ್ತಿದ್ದ.

"ವೇಣು ಕೊಟ್ಟ ಹಾಳೆ ಎಲ್ಲಿ?"

ಅವನು ಹಾಲಿನ ಕೊಬ್ಬು ಅಳೆಯುವ ಯಂತ್ರದ ಹಿಂದಿನಿಂದ ಸುರುಳಿಯೊಂದನ್ನು ತೆಗೆದುಕೊಟ್ಟ. ಬಿಡಿಸಿದೆ. ಹಗ್ಗ ಕಟ್ಟಿದ ಕೈಯ ಚಿತ್ರ, ಅದರ ಮೇಲೆ ಕೆಂಪು ಗೀಟು.

"ಇದನ್ನು ಓದಿದ್ದೆಯಾ?"

"ಓದಿದ್ದೆ ಮೇಷ್ಟ್ರೇ."

"ಯಾಕೆ ಅಂಟಿಸಲಿಲ್ಲ?"

"ನೀವು ದಿನಾ ಹಾಲು ತಗೊಳೋಕ್ ಬರ್ತೀರ. ನಿಮ್ ಕಣ್ಮುಂದೆ, ನೀವ್ ಹೇಳಿದ್ದಕ್ಕೇ ಕೆಂಪು ಗೀಟು ಎಳ್ದಂಗೆ ಕಾಣ್ತದೆ. ನಂಗೆ ಮನಸ್ ಬರ್ಲಿಲ್ಲ."

"ಅಂದು ವ್ಯಾನಿನಲ್ಲಿ ನಿನಗೆ ಗೊತ್ತಿತ್ತು. ಎರಡು ಗಂಟೆ ಗೊತ್ತಿದ್ದುಕೊಂಡೇ ಓಡಿಸಿದೆ."

"ಕೇಳಿದ್ನಲ್ಲ ಮೇಷ್ಟ್ರೇ, ಬಿಗಿ ಆಯ್ತೇನೋ ಅಂತ. ರಸ್ತೆ ನೋಡು ಅಂದ್ರಿ."

"ಅದು ಹೇಳುವ ರೀತಿಯೇ?"

"ನಿಮ್ ಹತ್ರ ಇನ್ನೆಂಗೆ ಹೇಳ್ಬೇಕು, ನೀವೇ ಹೇಳಿ."

ಹಾಳೆಯನ್ನು ಅಲ್ಲೇ ಬಿಟ್ಟು ಬಂದೆ. ಆ ವಾರವೆಲ್ಲ ನನ್ನೊಳಗೆ ಒಂದೇ ಮಾತು ಸುತ್ತುತ್ತಿತ್ತು. ಊರಲ್ಲಿ ನನಗೆ ನಮಸ್ಕಾರ ಮಾಡದೆ ಮುಂದೆ ಹೋಗುವವರಿಲ್ಲ. ಅವರಲ್ಲಿ ಎಷ್ಟು ಜನ ಹೀಗೆ ಕೈಮುಗಿದುಕೊಂಡೇ ನನ್ನನ್ನು ತಪ್ಪಿನಲ್ಲಿ ಬಿಟ್ಟಿದ್ದಾರೆ ಎಂಬ ಸಂಖ್ಯೆ ನನಗೆ ಎಂದೂ ಸಿಗುವುದಿಲ್ಲ. ಫೋನಿನಲ್ಲಿ ಹಾಕಿದ ಮಂತ್ರದಿಂದ ಹೊತ್ತು ಹಾಳಾಗಿ ಜೀವವೇ ಹೋಗಬಹುದಿತ್ತು, ನಿಜ. ಬೆರಳಂತೂ ಅದರಿಂದ ಕಪ್ಪಾಗುತ್ತಿರಲಿಲ್ಲ.

ಗಂಗಾಲಕ್ಷ್ಮಿ ಹದಿನಾಲ್ಕನೆಯ ದಿನ ಮನೆಗೆ ಬಂದಳು. ನೋಡಲು ಬಂದ ನೆಂಟರಿಗೆಲ್ಲ ಒಂದೇ ಕಥೆ ಹೇಳುತ್ತಿದ್ದಳು. ಗೋಡೆಯ ಈಚೆ ನಮಗೆ ಕೇಳಿಸುತ್ತಿತ್ತು. "ಎರಡು ಬೆರಳು ಹೋದ್ರೆ ಹೋಯ್ತು ಬಿಡಿ. ಮೇಷ್ಟ್ರು ಆ ಹೊತ್ನಲ್ಲಿ ಕಟ್ಟದಿದ್ರೆ ನಾನೇ ಇರ್ತಿರ್ಲಿಲ್ಲ." ಮರುದಿನದಿಂದ ಬೆಳಿಗ್ಗೆ ಆರಕ್ಕೆ ನಮ್ಮ ಹೊಸ್ತಿಲ ಮೇಲೆ ಒಂದು ಚೊಂಬು ಹಾಲು ಬರತೊಡಗಿತು. ಎಡಗೈಯಲ್ಲಿ ತಂದಿಟ್ಟು, "ನಿಮ್ ಋಣ ಮೇಷ್ಟ್ರೇ, ಬೇಡ ಅನ್ಬೇಡಿ," ಎಂದಳು. ನಾನು ಬೇಡ ಎನ್ನಲಿಲ್ಲ.

ಹೇಳಬೇಕೆಂದು ಮೊದಲ ದಿನವೇ ಬಾಯಿ ತೆರೆದಿದ್ದೆ. ಅವಳು ಬಟ್ಟೆ ಸುತ್ತಿದ ಕೈಯನ್ನು ಎದೆಗೆ ಒತ್ತಿಕೊಂಡು ನಗುತ್ತಿದ್ದಳು. ಗಾಯ ಮಾಗಲಿ ಎಂದುಕೊಂಡೆ. ಗಾಯ ಮಾಗಿತು. ಕದಿರೇಶ ಇರುವಾಗ ಹೇಳೋಣ ಎಂದುಕೊಂಡೆ. ಕದಿರೇಶ ನಾಲ್ಕು ಭಾನುವಾರ ಬಂದು ಹೋದ. ಹಸುಗಳನ್ನು ವೆಂಕಟರತ್ನಮ್ಮ ಕರೆಯಲು ಹೋಗಿ, ಕೆಂದ ಹಸುವಿನ ಒದೆತಕ್ಕೆ ಮಂಡಿ ಊದಿಸಿಕೊಂಡರು. ಗಂಗಾಲಕ್ಷ್ಮಿ ಎಡಗೈಯಲ್ಲಿ ಕರೆಯಲು ಕಲಿಯುತ್ತಿದ್ದಳು. ಎರಡು ಹಸುಗಳು ಒಪ್ಪಿದವು, ಕೆಂದವೂ ಇನ್ನೊಂದೂ ಒಪ್ಪಲಿಲ್ಲ. ಅವೆರಡನ್ನೂ ಮಾರಿದರು, ಕ್ಯಾಲನೂರಿನವರೊಬ್ಬರು ಬಂದು ಹೊಡೆದುಕೊಂಡು ಹೋದರು. ಅಂದು ಅವಳು ಹೊರಗೆ ಬರಲಿಲ್ಲ. ಮಾರನೆಯ ಬೆಳಿಗ್ಗೆ ಚೊಂಬು ಮಾತ್ರ ಎಂದಿನಂತೆ ಬಂದಿತ್ತು.

ನನ್ನ ಹೆಂಡತಿಗೆ ಎಲ್ಲವೂ ಗೊತ್ತಿತ್ತು. ಅಂದು ಕಾಫಿ ಸೋಸುವಾಗ ಎರಡು ಲೋಟದಲ್ಲಿ ಒಂದಕ್ಕೆ ಮಾತ್ರ ಹಾಲು ಹಾಕಿದಳು.

"ನಿನಗೆ?"

"ನನಗೆ ಕಪ್ಪು ಕಾಫಿ ಸಾಕು. ಈ ಹಾಲು ಗಂಟಲಲ್ಲಿ ಇಳಿಯಲ್ಲ. ನಿಮಗೆ ಇಳೀತದಲ್ಲ, ಕುಡೀರಿ."

ನಾನು ಲೋಟವನ್ನು ಹಾಗೇ ಇಟ್ಟು ಅಂಗಿ ಹಾಕಿಕೊಂಡು ಡೇರಿಗೆ ನಡೆದೆ.

ಹಾಲು ಹಾಕುವ ಹೊತ್ತು. ಮೂವತ್ತು ಮೂವತ್ತೈದು ಜನ ಸಾಲಿನಲ್ಲಿದ್ದರು. ನಾನು ಅಳತೆಯ ಮೇಜಿನ ಪಕ್ಕ ನಿಂತು ಹೇಳಿದೆ: ಹಾವು ಕಚ್ಚಿದರೆ ಬಿಗಿದು ಕಟ್ಟಬೇಕೆಂದು ನಾನು ಇಲ್ಲೇ ಹೇಳಿದ್ದೆ. ಅದು ತಪ್ಪು. ಕಟ್ಟಬಾರದು, ಕೊಯ್ಯಬಾರದು. ಕೈಯೋ ಕಾಲೋ ಅಲ್ಲಾಡದಂತೆ ಇಟ್ಟು ಆಸ್ಪತ್ರೆಗೆ ಹೋಗಬೇಕು. ಗಂಗಾಲಕ್ಷ್ಮಿಯ ಬೆರಳು ಹೋಗಿದ್ದರಲ್ಲಿ ನನ್ನ ಕಟ್ಟಿನ ಪಾಲಿದೆ.

ಮೊದಲು ಮಾತಾಡಿದವರು ದೊಡ್ಡವೆಂಕಟಪ್ಪ, ನನ್ನ ವಯಸ್ಸಿನವರು.

"ಯಾಕ್ ಅಂಗೆಲ್ಲ ಮನಸ್ಸಿಗೆ ಹಚ್ಕೊಂತೀರ ಮೇಷ್ಟ್ರೇ. ವಿಷ ಅಲ್ವಾ, ಅದು ತಿಂದೇ ತಿಂತದೆ. ನೀವ್ ಕಟ್ಟಿದ್ದಕ್ಕೇ ಆಯಮ್ಮ ಇವತ್ತು ನಿಂತವ್ಳೆ."

"ದೊಡ್ಡೋರು ಅಂದ್ರೆ ಅಂಗೇ," ಎಂದ ಎಲ್ಲಪ್ಪ, ತಲೆ ಎತ್ತದೆ. "ತಪ್ಪು ಇಲ್ದಿದ್ರೂ ತಮ್ ಮೇಲೆ ಹಾಕ್ಕೊಂತಾರೆ."

"ಎಲ್ಲಪ್ಪ, ನೀನು ಆ ಹಾಳೆ ಓದಿದ್ದೀಯ."

"ಅದ್ರಾಗೆ ಒಂದ್ ಹೇಳ್ತಾರೆ, ಇನ್ನೊಂದ್ರಾಗೆ ಇನ್ನೊಂದ್ ಹೇಳ್ತಾರೆ ಮೇಷ್ಟ್ರೇ. ನಾಳೆ ಮತ್ತೆ ಕಟ್ಟಿ ಅಂತಾರೆ. ಬಿಡಿ."

ನಾಲ್ಕೈದು ಜನ ಹೌದೆಂದರು. ಯಾರೋ ನನಗೆ ಸ್ಟೂಲು ತಂದಿಟ್ಟರು. ನನ್ನ ತಪ್ಪನ್ನು ನನ್ನಿಂದ ಯಾರೂ ತೆಗೆದುಕೊಳ್ಳುತ್ತಿರಲಿಲ್ಲ.

ಸಾಲಿನ ಕೊನೆಯಲ್ಲಿ ಗಂಗಾಲಕ್ಷ್ಮಿ ಇದ್ದಳು. ಮೊದಲಿನ ದೊಡ್ಡ ಕ್ಯಾನು ಬಿಟ್ಟು ಈಗ ಸಣ್ಣದೊಂದನ್ನು ತರುತ್ತಿದ್ದಳು. ಅದನ್ನು ಕೆಳಗಿಟ್ಟು ಮುಂದೆ ಬಂದಳು. ಜನ ದಾರಿ ಬಿಟ್ಟರು.

"ಯಾವತ್ತು ಗೊತ್ತಾಯ್ತು ಮೇಷ್ಟ್ರೇ ನಿಮಗೆ?"

"ಮಾರನೆಯ ದಿನ ಬೆಳಿಗ್ಗೆ. ಆಸ್ಪತ್ರೆಯಲ್ಲಿ."

"ಬೆರಳು ತೆಗೆಯೋಕ್ ಮುಂಚೆ."

"ಹೌದು."

"ನಂಗ್ ಹೇಳ್ಲಿಲ್ಲ."

"ಹೇಳಲಿಲ್ಲ."

ಅವಳು ಬಲಗೈಯನ್ನು ಸೆರಗಿನಿಂದ ಹೊರಗೆ ತೆಗೆದು ನೋಡಿಕೊಂಡಳು, ಬೇರೆಯವರದನ್ನು ನೋಡುವಂತೆ.

"ನಾನ್ ಊರೆಲ್ಲಾ ಹೇಳ್ಕೊಂಡ್ ತಿರುಗ್ದೆ. ನೆಂಟರಿಗೆ, ನಮ್ಮಮ್ಮಂಗೆ. ಇವ್ರು ಕಟ್ಟಿದ್ದಕ್ಕೇ ಬದುಕ್ದೆ ಅಂತ. ಗೋಡೆ ಪಕ್ದಲ್ಲೇ ನಿಮಗೆ ಕೇಳಿಸ್ತಿತ್ತು."

"ಕೇಳಿಸುತ್ತಿತ್ತು."

"ದಿನಾ ಹಾಲು ತಂದಿಟ್ಟೆ. ತಗೊಂಡ್ರಿ."

"ತೆಗೆದುಕೊಂಡೆ."

"ಕಟ್ಟಿದ್ದು ಹೋಗ್ಲಿ ಬಿಡಿ, ಗೊತ್ತಿಲ್ದೆ ಕಟ್ಟಿದ್ರಿ," ಎಂದಳು. "ತಗೊಂಡ್ರಲ್ಲ."

ದೊಡ್ಡವೆಂಕಟಪ್ಪ, "ಏಯ್, ಮೇಷ್ಟ್ರ ಹತ್ರ ಅಂಗೆಲ್ಲ ಮಾತಾಡ್ತಾರಾ?" ಎಂದರು. ಅವಳು ಅವರ ಕಡೆ ತಿರುಗಲಿಲ್ಲ. ಸಾಲಿನ ಹೆಂಗಸರ ಕಡೆ ತಿರುಗಿ, ಮೂರು ಬೆರಳಿನ ಆ ಕೈಯನ್ನು ಅವರ ಮುಖದ ಎತ್ತರಕ್ಕೆ ಹಿಡಿದಳು.

"ಕಟ್ಟಬಾರ್ದಂತೆ. ಕೇಳುಸ್ಕೊಂಡ್ರಾ? ಯಾರ್ ಬಂದು 'ನಂಗೊತ್ತು' ಅಂದ್ರೂ ಕೈ ಕೊಡ್ಬೇಡಿ."

ನಾನು ಹೇಳಿದಾಗ ಬಿಡಿ ಎಂದವರು ಈಗ ತಲೆಯಾಡಿಸಿದರು. ಎಲ್ಲಪ್ಪ ಎದ್ದು ಒಳಗೆ ಹೋದ. ಅವಳು ಹಿಂದೆ ಹೋಗಿ ತನ್ನ ಜಾಗದಲ್ಲೇ ನಿಂತಳು. ಅವಳ ಸರದಿ ಬರುವ ತನಕ ನಾನು ಕಾದೆ. ಎಡಗೈಯಲ್ಲಿ ಕ್ಯಾನು ಎತ್ತಿ ಹಾಲು ಸುರಿದಳು, ಚೀಟಿ ತೆಗೆದುಕೊಂಡಳು, ನನ್ನ ಮುಂದೆಯೇ ಹಾದು ಹೋದಳು. ಅವಳ ಹಿಂದಿನಿಂದ ಅದೇ ಬೀದಿಯಲ್ಲಿ, ಅದೇ ಎರಡು ಬಾಗಿಲುಗಳ ಕಡೆಗೆ, ಹತ್ತು ಹೆಜ್ಜೆ ಬಿಟ್ಟು ನಡೆದೆ. ಹತ್ತಿರ ಹೋಗುವ ಧೈರ್ಯವಾಗಲಿಲ್ಲ. ಅವಳು ಒಳಗೆ ಹೋಗಿ ಅಗಳಿ ಹಾಕಿಕೊಂಡಳು.